ಆಚೆ ಬದಿಯ ಹರಕೆ

ಹೆದ್ದಾರಿ ಚತುಷ್ಪಥ ಆಗುತ್ತದೆಂಬ ಸುದ್ದಿ ಖಚಿತವಾದಾಗ ಕುಂದಾಪುರಕ್ಕೂ ಬೈಂದೂರಿಗೂ ನಡುವಿನ ನಮ್ಮ ಸಣ್ಣ ಪೇಟೆಯಲ್ಲಿ ಎಲ್ಲರಿಗೂ ಒಂದೇ ಚಿಂತೆ: ಯಾವ ಬದಿಯ ಅಂಗಡಿಗಳು ಹೋಗುತ್ತವೆ? ನನ್ನ ಟೈಲರಿಂಗ್ ಅಂಗಡಿ ರಸ್ತೆಯ ಈಚೆಗೆ. ಎದುರಿಗೆ ಗೋಳಿಬಜೆಗೆ ಹೆಸರಾದ ಹೋಟೆಲು. ಅದನ್ನು ನಡೆಸುತ್ತಿದ್ದವರನ್ನು ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ನಾನು ಹೊಸದಾಗಿ ಅಂಗಡಿ ಇಟ್ಟಾಗ, ಹೋಟೆಲಿಗೆ ಬಂದ ಹೆಂಗಸರಿಗೆಲ್ಲ "ರವಿಕೆ ಹೊಲಿಸುದಾರೆ ಅಲ್ ಕಾಣಿ" ಎಂದು ನನ್ನ ಕಡೆ ಕೈ ತೋರಿಸಿದವರು ಅವರು.

ಸಂಕಟ ಬಂದಾಗ ವೆಂಕಟರಮಣ ಎನ್ನುತ್ತಾರೆ. ನನಗೆ ನೆನಪಾದದ್ದು ಕೊಲ್ಲೂರಮ್ಮ. ಅಳತೆಯವರು ಬಂದ ದಿನ ಹೊಲಿಗೆ ಮೆಷಿನ್ ಮುಂದೆಯೇ ಕೈಮುಗಿದು ಹರಕೆ ಹೇಳಿಕೊಂಡೆ: "ಅಮ್ಮಾ, ಹೋಪುದಾರೆ ಆಚಿ ಬದಿ ಹೋಯ್ಲಿ. ನಿಂಗೆ ರೇಷ್ಮೆ ಸೀರೆ ಕೊಡ್ತೆ." ನನ್ನ ಅಂಗಡಿ ಉಳಿಸು ಎಂದಷ್ಟೇ ಬೇಡಬಹುದಿತ್ತು. ದೇವರಿಗೇ ದಾರಿ ತೋರಿಸಲು ಹೋದ ಜಾಣೆ ನಾನು!

ಅಳತೆಯವರ ಗುರುತಿನ ಕಲ್ಲು ಬಿದ್ದದ್ದು ಆಚೆ ಬದಿಗೇ. ಪರಿಹಾರ ಕಟ್ಟಡದ ಯಜಮಾನರಿಗೆ ಬಂತು, ಬಾಡಿಗೆಗಿದ್ದ ಅಣ್ಣನಿಗೆ ಏನೂ ಇಲ್ಲ. ಜೆಸಿಬಿ ಬರುವ ಮುಂಚೆ ಅವರು ಬೆಂಚುಗಳನ್ನು ತಾವೇ ಹೊತ್ತು ಟೆಂಪೋಗೆ ಹಾಕಿದರು. ನಾನು ತಲೆ ಎತ್ತದೆ ಬಟ್ಟೆ ಕತ್ತರಿಸುತ್ತ ಕುಳಿತೆ. ಎದ್ದು ಹೋಗಿ ಒಂದು ತುದಿ ಹಿಡಿಯಲು ನನಗೆ ಮುಖವಿರಲಿಲ್ಲ. ಆಮೇಲೆ ಅವರು ಮನೆಯಲ್ಲೇ ಚಕ್ಕುಲಿ ಮಾಡಿ ಅಂಗಡಿಗಳಿಗೆ ಹಾಕತೊಡಗಿದರು.

ಹೇಳಿಕೊಂಡ ಹರಕೆಯನ್ನು ಬಾಕಿ ಇಡುವ ಧೈರ್ಯ ಯಾರಿಗಿದೆ? ಸೀರೆ ಒಪ್ಪಿಸಿ ಬಂದೆ. ಪೇಟೆಯವರಿಗೆಲ್ಲ ಪ್ರಸಾದ ಕೊಟ್ಟು ಅಣ್ಣನನ್ನು ಮಾತ್ರ ಬಿಡುವುದು ಹೇಗೆ? ಅವರ ಮನೆಗೇ ಹೋದೆ.

"ಎಂತ ಹರ್ಕಿ ಮಾರಾಯ್ತಿ?" ಎಂದರು.

"ಮಗಳ ಜ್ವರಕ್ಕೆ, ಅಣ್ಣ" ಎಂದೆ. ಮಗಳಿಗೆ ಆ ವರ್ಷ ನೆಗಡಿಯೂ ಆಗಿರಲಿಲ್ಲ.

ಅವರು ಪ್ರಸಾದವನ್ನು ಕಣ್ಣಿಗೊತ್ತಿಕೊಂಡರು. "ನಿನ್ ಮಾತ್ ಅಮ್ಮಂಗೆ ಕೇಳತ್. ಇನ್ನೊಂದ್ ಸಲ ಹೋಪತಿಗೆ ನನ್ ಬಗ್ಗೆಯೂ ಹೇಳ್ಕೋ. ರಸ್ತಿ ಬದಿಗೆ ಒಂದ್ ಜಾಗ ಸಿಕ್ಲಿ ಅಂದೇಳಿ."

ಆಯ್ತು ಎಂದು ಮಾತು ಕೊಟ್ಟೆ. ಅದಕ್ಕೆಂದೇ ಮತ್ತೆ ಕೊಲ್ಲೂರಿಗೆ ಹೋದೆ. ಅಮ್ಮನ ಮುಂದೆ ಕಣ್ಣುಮುಚ್ಚಿದರೆ ಬಾಯಿಗೆ ಬಂದದ್ದು ಒಂದೇ ಮಾತು: ನನ್ನ ತಪ್ಪು ಹೊಟ್ಟೆಗೆ ಹಾಕಿಕೋ, ನನ್ನ ಮಗಳಿಗೆ ಜ್ವರ ಬಾರದಿರಲಿ. ಅಣ್ಣನ ಜಾಗದ ನೆನಪಾಗುವಾಗ ವಾಪಸು ಬಸ್ಸು ಅರ್ಧ ದಾರಿಯ ವಂಡ್ಸೆ ದಾಟಿತ್ತು.