ಸಾರಿಸಿದ ಸ್ಟೋ

ನಮ್ಮ ಕಡೆ ಒಲೆ ಹೊತ್ತದ ಮನೆ ಎಂದರೆ ಸಾವಾದ ಮನೆ. ಅವತ್ತು ಒಲೆಗೆ ಕಿಡಿ ಸೋಕಿಸುವುದಿಲ್ಲ, ನೆರೆಯವರು ತಂದುಕೊಟ್ಟ ರೊಟ್ಟಿ ತಿಂದು ದಿನ ದೂಡುತ್ತಾರೆ. ಉಳಿದ ದಿನ ನಸುಕಿಗೇ ಎದ್ದು ಒಲೆಯನ್ನು ಸಗಣಿಯಿಂದ ಸಾರಿಸಿ, ಮೂರು ಬೆರಳಿನಿಂದ ವಿಭೂತಿ ಎಳೆದು, ಆಮೇಲೆಯೇ ಬೆಂಕಿ ಮಾಡಬೇಕು. ಇಷ್ಟೆಲ್ಲ ಗೊತ್ತಿದ್ದೂ ಸಂಖ ಎಂಬ ಊರಿನ ನನ್ನ ಗಂಡನ ಮನೆಯ ಒಲೆಯನ್ನು ಆರಿಸಲು ಹೊರಟವಳು ನಾನು. ಅತ್ತೆಯ ಕಣ್ಣು ಉಳಿಯಬೇಕಿತ್ತು.

ನಾನು ಮದುವೆಯಾಗಿ ಬರುವ ಹೊತ್ತಿಗೇ ಅತ್ತೆಯ ಎರಡೂ ಕಣ್ಣಿಗೆ ಮೋತಿಬಿಂದಿನ ಪೊರೆ ಕವಿದು ಎದುರಿಗೆ ನಿಂತವರು ನೆರಳಿನಂತೆ ಕಾಣುತ್ತಿದ್ದರು. ನನ್ನನ್ನು ಗುರುತಿಸುತ್ತಿದ್ದುದು ಬಳೆಯ ಸದ್ದಿನಿಂದ, ಬೈಯುತ್ತಿದ್ದುದೂ ಆ ಸದ್ದಿನ ದಿಕ್ಕಿಗೇ. "ರೊಟ್ಟಿ ಬಡ್ಯಾಕತ್ತೀಯೋ, ನೆಲಾ ಬಡ್ಯಾಕತ್ತೀಯೋ?" ಎಂದು ಪಡಸಾಲೆಯಿಂದಲೇ ಕೇಳುತ್ತಿದ್ದರು. ನಾನೇನೂ ಸುಮ್ಮನಿರುವ ಜಾತಿಯಲ್ಲ. ಇಬ್ಬರಿಗೂ ಬಾಯಿ ಜೋರು, ನಡುವೆ ಮಾಸ್ತರರಾಗಿದ್ದ ನನ್ನ ಗಂಡ ಸಾಲಿಯ ಗಂಟೆ ಬಾರಿಸುವ ಮೊದಲೇ ಸಾಲಿಗೆ ಹೋಗಿ ಕೂರುತ್ತಿದ್ದರು.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಅವರನ್ನು ಮೀರಜಿನ ದವಾಖಾನೆಗೆ ಕರೆದುಕೊಂಡು ಹೋಗಿ ಒಂದು ಕಣ್ಣಿನ ಆಪರೇಷನ್ ಮಾಡಿಸಿದೆವು. ಮರಳಿ ಬರುವಾಗ ಡಾಕ್ಟರು ಬೆರಳೆತ್ತಿ ಹೇಳಿದ್ದು ಎರಡೇ ಮಾತು. ತಲೆ ಬಗ್ಗಿಸಬಾರದು, ಹೊಗೆಯಂತೂ ಬೇಡವೇ ಬೇಡ. "ಧೂರ ನಕೋ ಆಜಿ, ಡೋಳಾ ಜಾಯೀಲ್" ಎಂದರು. ಹೊಗೆ ತಾಗಿದರೆ ಕಣ್ಣು ಹೋಗುತ್ತದೆ ಎಂಬುದು ಅತ್ತೆಗೆ ಮರಾಠಿಯಲ್ಲೇ ತಿಳಿಯಿತು. ತಿಳಿದೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮದು ಎರಡೇ ಖೋಲಿಯ ಮಣ್ಣಿನ ಮಾಳಿಗೆ ಮನೆ. ಒಳಗೆ ಒಲೆ ಹೊತ್ತಿಸಿದರೆ ಹೊರಗೆ ಮಲಗಿದವರೂ ಕೆಮ್ಮಬೇಕು. ತವರಿನವರು ವಿಜಾಪುರದಿಂದ ಕೊಟ್ಟು ಕಳಿಸಿದ್ದ ಹಿತ್ತಾಳೆಯ ಪಂಪಿನ ಸ್ಟೋ ಟ್ರಂಕಿನ ಪಕ್ಕ ಗೋಣಿತಟ್ಟು ಹೊದ್ದು ಕುಳಿತಿತ್ತು. ಅದನ್ನು ಹೊರಗೆ ತೆಗೆದು ಚಿಮಣಿ ಎಣ್ಣೆ ತುಂಬಿದೆ. ಬಟ್ಟಲಿಗೆ ಸ್ಪಿರಿಟ್ ಹಾಕಿ ಕಡ್ಡಿ ಗೀರಿ, ತಲೆಯ ಬರ್ನರು ಕಾದ ಮೇಲೆ ಪಂಪು ಹೊಡೆದರೆ ನೀಲಿ ಉರಿ ಭುರ್ರೆಂದು ಎದ್ದಿತು.

"ಏನವ್ವ, ಮನ್ಯಾಗ ಹುಲಿ ತಂದ ಕಟ್ಟೀಯೇನ?" ಎಂದರು ಅತ್ತೆ. ಕಣ್ಣಿಗೆ ಪಟ್ಟಿ, ಅದರ ಮೇಲೊಂದು ಹಸಿರು ಬಟ್ಟೆ.

ಎರಡು ದಿನ ಹಾಗೇ ನಡೆಯಿತು. ಮೂರನೆಯ ದಿನ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು, "ಯಾಕ ತಂಗಿ, ನಿಮ್ಮ ಮಾಳಗಿ ಮ್ಯಾಲ ಹೊಗಿನ ಕಾಣವಲ್ದು? ಎಲ್ಲಾರೂ ಅರಾಮ ಅದೀರಿಲ್ಲೊ?" ಎಂದು ಕೇಳಿದಳು. ಪಾಪ, ಕಾಳಜಿಯಿಂದಲೇ ಕೇಳಿದ್ದು. ಆಕೆ ಅತ್ತ ಹೋದದ್ದೇ ತಡ, ಅತ್ತೆ ಅಳಲು ಶುರು ಮಾಡಿದರು. ಅಳಬಾರದು, ಕಣ್ಣಿಗೆ ಕೆಟ್ಟದ್ದು ಎಂದರೆ ಇನ್ನಷ್ಟು ಅಳು.

"ನನ್ನ ಕಣ್ಣ ಹೋದರ ಹೋಗಲಿ. ನಾ ಜೀವಂತ ಇರೂತನಾ ಮಗನ ಮನಿ ಒಲಿ ಆರಬಾರದು" ಎಂದು ಗೋಡೆ ಹಿಡಿದು ಎದ್ದೇ ಬಿಟ್ಟರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕಣ್ಣು ಹೋದರೆ ಕೈ ಹಿಡಿದು ಅಡ್ಡಾಡಿಸುವವಳು ನಾನು ತಾನೆ? ಮರಳಿ ಅವರನ್ನು ಕೂರಿಸಿ, ಒಲೆಯಲ್ಲಿದ್ದ ಬೂದಿಯನ್ನೆಲ್ಲ ಬಾಚಿ ತಿಪ್ಪೆಗೆ ಚೆಲ್ಲಿ ಬಂದೆ. ಅತ್ತೆ ಸೆರಗು ಹೊದ್ದು ಮಲಗಿಬಿಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಇದಕ್ಕೆ ಹೆದರಿದೆ.

ಮರುದಿನ ಬೆಳಿಗ್ಗೆ ಬಾವಿಯಿಂದ ನೀರು ತಂದು ಅಡುಗೆಯ ಖೋಲಿಗೆ ಕಾಲಿಟ್ಟೆ, ಕೊಡ ಸೊಂಟದ ಮೇಲೇ ಉಳಿಯಿತು. ಸ್ಟೋದ ತಲೆಗೆ ಬೆರಳು ದಪ್ಪ ಸಗಣಿ. ಉರಿ ಏಳುವ ತೂತುಗಳೆಲ್ಲ ಮುಚ್ಚಿಹೋಗಿವೆ. ಕೆಳಗೆ ಹೊಳೆಯುವ ಎಣ್ಣೆಯ ಟಾಕಿಯ ಮೇಲೆ ವಿಭೂತಿಯ ಮೂರು ಗೆರೆ, ಕಣ್ಣು ಕಾಣದವರು ಎಳೆದದ್ದಾದ್ದರಿಂದ ಸೊಟ್ಟಗೆ.

"ಏನ ಮಾಡೀರಿ ಅತ್ತಿ ಇದು!" ಎಂದು ಕೂಗಿಕೊಂಡೆ.

ಪಡಸಾಲೆಯ ಗೋಡೆಗೆ ಒರಗಿ ನೆಟ್ಟಗೆ ಕುಳಿತಿದ್ದ ಅತ್ತೆ ಶಾಂತವಾಗಿ ಹೇಳಿದರು: "ಸಾರಸೀನಿ. ಇನ್ನ ಮ್ಯಾಲ ಇದ ನಮ್ಮ ಮನಿ ಒಲಿ. ಒಲಿ ಅಂದ ಮ್ಯಾಲ ಸಾರಸೂದು ಬ್ಯಾಡೇನ? ತಲಿ ಬಗ್ಗಿಸಿಲ್ಲವ್ವ, ಮುಂದ ಇಟಗೊಂಡ ಕೈಲೆ ಸಾರಸೀನಿ."

ನನಗೆ ನಗು ಬಂತು, ಅದರ ಹಿಂದೆಯೇ ಅವರ ಮೇಲೆ ಎಂದೂ ಬಾರದಷ್ಟು ಪ್ರೀತಿ ಬಂತು. ರಾತ್ರಿಯೆಲ್ಲ ಯೋಚಿಸಿ ಅವರು ಹುಡುಕಿಕೊಂಡ ದಾರಿ ಅದು.

ಇಬ್ಬರೂ ಸ್ಟೋ ಬಿಚ್ಚಿ ಹಾಕಿಕೊಂಡು ಕುಳಿತೆವು. ಬರ್ನರು ಕಳಚಿ ಸಗಣಿ ತೊಳೆದು ಚಿಮಣಿ ಎಣ್ಣೆಯಲ್ಲಿ ನೆನೆಹಾಕಿದೆ. ಟಾಕಿಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ ಹುಣಸೆಹಣ್ಣು ಹಚ್ಚಿ ತಿಕ್ಕಿದರು. ಕೂದಲೆಳೆಯಷ್ಟು ಸಣ್ಣ ತೂತಿಗೆ ನಾನು ಉಸಿರು ಬಿಗಿಹಿಡಿದು ಪಿನ್ನು ಹಾಕುತ್ತಿದ್ದಾಗ, ಪಂಪಿನ ಕಡ್ಡಿಯ ತುದಿಯಲ್ಲಿದ್ದ ವಾಷರ್ ಅವರ ಕೈಗೆ ಸಿಕ್ಕಿತು.

"ಇದೇನ ಮೆತ್ತಗ? ಚರ್ಮ ಐತೇನ?"

ಲಿಂಗ ಕಟ್ಟಿದ ಮನೆ, ಅಡುಗೆಯ ಒಲೆ. ಅಲ್ಲಿಗೆ ಚರ್ಮ ಸೋಕುವಂತಿಲ್ಲ, ನಾನು ಪಿನ್ನಿನ ಮೇಲೇ ಕಣ್ಣಿಟ್ಟೆ. ಅತ್ತೆ ಒಂದು ಗಳಿಗೆ ಅದನ್ನು ಬೆರಳಲ್ಲಿ ಹೊರಳಿಸಿ, "ಇರಲಿ ಬಿಡು. ಡೊಳ್ಳೂ ಚರ್ಮದ್ದ. ದೇವರ ಮುಂದ ಬಾರಸೂದಿಲ್ಲೇನು" ಎಂದು ತಾವೇ ಶೇಂಗಾ ಎಣ್ಣೆ ಸವರಿ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಉರಿ ಮತ್ತೆ ನೀಲಿಯಾಗಿ ನಿಂತಿತು.

ಆಮೇಲೆ ನಮ್ಮೊಳಗೆ ಒಂದು ಒಪ್ಪಂದವಾಯಿತು. ಸ್ಟೋ ಇಡುವ ನೆಲ ಸಾರಿಸಿ ಟಾಕಿಗೆ ವಿಭೂತಿ ಹಚ್ಚುವುದು ಅವರ ಪಾಲು, ತಲೆಯ ಉಸಾಬರಿ ನನ್ನದು. ವಾರಕ್ಕೊಮ್ಮೆ ಬಿಚ್ಚಿ ತೊಳೆಯುವಾಗ ಇಬ್ಬರೂ ಕೂರುತ್ತಿದ್ದೆವು, ಊರಿನ ಸುದ್ದಿಯೆಲ್ಲ ಆಗಲೇ. ಪಕ್ಕದ ಮನೆಯಾಕೆಗೂ ಅತ್ತೆಯೇ ಹೇಳಿದರು: "ನಮ್ಮ ಒಲಿಗಿ ಹೊಗಿ ಇಲ್ಲವ್ವ, ಆದ್ರ ಹೊತ್ತೇತಿ."

ಪಟ್ಟಿ ಬಿಚ್ಚಿದ ಕೆಲವು ವಾರಗಳ ಮೇಲೆ ಮೀರಜಿನಿಂದ ದಪ್ಪ ಗಾಜಿನ ಚಷ್ಮಾ ಬಂತು. ಹಾಕಿಕೊಂಡು ಅತ್ತೆ ನೆಟ್ಟಗೆ ಅಡುಗೆಯ ಖೋಲಿಗೆ ಬಂದರು. ನಾನು ಚಹಾಕ್ಕೆ ಪಂಪು ಹೊಡೆಯುತ್ತಿದ್ದೆ. ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ಎಷ್ಟೋ ಹೊತ್ತು ನೋಡಿದರು.

"ಅಯ್ಯ ನನ ಮಗಳ, ನೀ ಇನ್ನೂ ಸಣ್ಣ ಹುಡುಗಿ ಅದೀಯಲ್ಲ. ನಿನ್ನ ಬಾಯಿ ಕೇಳಿ ನಾ ದೊಡ್ಡ ಹೆಂಗಸ ಅಂದಕೊಂಡಿದ್ನಿ. ಸರಿ ಅತ್ತಾಗ, ಚಾ ನಾ ಮಾಡತೀನಿ."

ನಾನು ಸರಿದು ಕುಳಿತೆ. ತವರು ಬಿಟ್ಟು ಬಂದ ದಿನದಿಂದ ಹಿಡಿದಿಟ್ಟದ್ದೆಲ್ಲ ಕಣ್ಣಲ್ಲಿ ನೀರಾಗಿ ಬಂತು. ಕಣ್ಣಿಗೆ ಹೊಗೆ ಹೋಯಿತೆಂದು ನೆಪ ಹೇಳೋಣವೆಂದರೆ ಮನೆಯಲ್ಲಿ ಹೊಗೆಯೇ ಇರಲಿಲ್ಲ.