ಬೋರ್ಡಿನೊಳಗೆ ಕೂರಿಸಿದ ಡಿಬಗ್ಗರ್

ದೂರದಿಂದ ತಪ್ಪು ಹುಡುಕುವುದಕ್ಕೆ ನೋಯ್ಡಾದ ಆಫೀಸಿನಲ್ಲಿ ನನಗೆ ಸಂಬಳ ಕೊಡುತ್ತಾರೆ. ಮೇಜಿನ ಮೇಲೊಂದು ಪಿಸಿ, ಪಕ್ಕದಲ್ಲಿ ಅಂಗೈಯಗಲದ ಕಂಪ್ಯೂಟರ್ ಬೋರ್ಡ್, ನಡುವೆ ನೆಟ್‌ವರ್ಕ್ ಕೇಬಲ್. ಬೋರ್ಡಿನಲ್ಲಿ ಓಡುವ ಪ್ರೋಗ್ರಾಂ ಎಲ್ಲಿ ಎಡವಿತೆಂದು ಪಿಸಿಯ ಡಿಬಗ್ಗರ್ ಕೇಬಲ್ಲಿನ ಮೂಲಕ ನೋಡಿ ಹೇಳುತ್ತದೆ.

ನನ್ನನ್ನೂ ಅಕ್ಕ ಹಾಗೆಯೇ ನೋಡುತ್ತಿದ್ದಳು. ಹೆಂಡತಿ ವಾಣಿ ತೀರಿಕೊಂಡ ಮೇಲೆ ಹಾಸನದಿಂದ ದಿನಾ ಸಂಜೆ ಫೋನ್.

"ಊಟಕ್ಕೇನು ಮಾಡ್ಕೊಂಡೆಯೋ?"

"ಅನ್ನ, ಸಾರು."

ಸುಳ್ಳು. ದ್ವಾರಕಾ ಬಡಾವಣೆಯ ನನ್ನ ಮನೆಯಲ್ಲಿ ನಾಲ್ಕು ತಿಂಗಳಿಂದ ಒಲೆ ಹಚ್ಚಿರಲಿಲ್ಲ. ಅಡುಗೆಮನೆಗೆ ಕಾಲಿಟ್ಟರೆ ಏನೋ ಆಗುತ್ತಿತ್ತು. ಅಂಥ ದಿನ ಫೋನನ್ನೇ ಎತ್ತುತ್ತಿರಲಿಲ್ಲ.

ಆ ವಾರ ಕೈಗೆ ಬಂದ ಬೋರ್ಡಿನ ಕಾಯಿಲೆಯೂ ಅಂಥದೇ. ಪ್ರೋಗ್ರಾಂ ಕುಸಿಯುವ ಮೊದಲು ನೆಟ್‌ವರ್ಕನ್ನು ಕೆಡಿಸಿಕೊಳ್ಳುತ್ತಿತ್ತು. ನೋಡಬೇಕಾದ ಗಳಿಗೆಗೇ ಪಿಸಿಗೆ ಏನೂ ಕಾಣುತ್ತಿರಲಿಲ್ಲ. ಡಿಬಗ್ಗರನ್ನೇ ಬೋರ್ಡಿನೊಳಗೆ ಕೂರಿಸಬೇಕಾಯಿತು.

ಅದನ್ನು ಸಿದ್ಧಮಾಡುವುದು ಮಾತ್ರ ಪಿಸಿಯಲ್ಲೇ. ಅದಕ್ಕೆ ಮೊದಲು ಎರಡು ವಿಷಯ ಹೇಳಬೇಕು: ಡಿಬಗ್ಗರ್ ಓಡುವುದು ಎಲ್ಲಿ, ಅದು ಹೋಸ್ಟ್; ಪರೀಕ್ಷಿಸುವುದು ಯಾವುದನ್ನು, ಅದು ಟಾರ್ಗೆಟ್. ನಾನು ಟಾರ್ಗೆಟ್ಟಿಗೆ ಬೋರ್ಡಿನ ಹೆಸರು ಕೊಟ್ಟು ಹೋಸ್ಟ್ ಮರೆತೆ. ಹುಟ್ಟಿದ್ದು ಮತ್ತೆ ಪಿಸಿಯಲ್ಲಷ್ಟೇ ಓಡಬಲ್ಲ ಡಿಬಗ್ಗರ್. ಬೋರ್ಡ್ ಅದನ್ನು ಮುಟ್ಟಲೂ ಇಲ್ಲ.

ಪಕ್ಕದ ಕುರ್ಚಿಯ ಅರೋರಾ ಇಣುಕಿದ. "ಅರೇ ಮದ್ರಾಸಿ ಬಾಬು, ಮರೀಜ್ ಕಾ ನಾಮ್ ತೋ ಲಿಖ್ ದಿಯಾ, ಡಾಕ್ಟರ್ ಕಹಾಂ ಬೈಠೇಗಾ?" ರೋಗಿಯ ಹೆಸರು ಬರೆದೆ, ಡಾಕ್ಟರು ಎಲ್ಲಿ ಕೂರಬೇಕು ಅಂತ.

ಹೋಸ್ಟಿಗೆ ಬೋರ್ಡಿನ ಹೆಸರು ಬರೆದೆ. ಟಾರ್ಗೆಟ್ ಬರೆಯಲೇಬೇಕಿಲ್ಲ, ಬಿಟ್ಟರೆ ಡಿಬಗ್ಗರ್ ತಾನಿರುವ ಜಾಗವನ್ನೇ ನೋಡಿಕೊಳ್ಳುತ್ತದೆ. ಆಮೇಲೆ ಪರದೆಗೆ ಅಕ್ಷರ ಮೂಡಿಸುವ ಪುಟ್ಟ ಲೈಬ್ರರಿಯೊಂದು, ಅಂದರೆ ಸಿದ್ಧ ಕೋಡಿನ ಕಟ್ಟು, ಬೇಕೆಂದು ಹಟಹಿಡಿಯಿತು, ಅದೂ ಬೋರ್ಡಿಗೆಂದೇ ಮಾಡಿದ್ದು. ಮಾಡಿಕೊಟ್ಟೆ. ಮಧ್ಯಾಹ್ನ ಪ್ರೋಗ್ರಾಂ ಕುಸಿದಾಗ ಡಿಬಗ್ಗರ್ ಜೊತೆಯಲ್ಲೇ ಇದ್ದು ತಪ್ಪಿನ ಸಾಲನ್ನು ತೋರಿಸಿತು. ಸಣ್ಣ ತಪ್ಪು.

ಸಂಜೆ ಅಡುಗೆಮನೆಗೆ ಹೋದೆ. ಆಗುವುದು ಆಯಿತು. ಈ ಸಲ ಹೊರಗೋಡದೆ ಅಲ್ಲೇ ನಿಂತು ನೋಡಿದೆ. ಕಣ್ಣು ಹೋಗಿ ನಿಲ್ಲುತ್ತಿದ್ದುದು ಸಾರಿನಪುಡಿಯ ಡಬ್ಬಿಯ ಮೇಲೆ. ವಾಣಿ ಹುರಿದು ಕುಟ್ಟಿದ್ದು, ತಳದಲ್ಲಿ ಎರಡು ಚಮಚ ಉಳಿದಿತ್ತು. ಸಾರು ಮಾಡಿದರೆ ಅದು ಮುಗಿಯುತ್ತದೆ. ಅಷ್ಟೇ.

ಒಂದು ಚಮಚ ಹಾಕಿದೆ. ಉಣ್ಣುತ್ತಿದ್ದಾಗ ಅಕ್ಕನ ಫೋನ್.

"ಏನು ಮಾಡ್ಕೊಂಡೆ?"

"ಸಾರು."

ಬಾಯಲ್ಲಿ ತುತ್ತಿದ್ದುದು ಅವಳಿಗೆ ಕೇಳಿಸಿರಬೇಕು. "ನಾಲ್ಕು ತಿಂಗಳಲ್ಲಿ ಇವತ್ತು ನಿಜ ಹೇಳ್ತಿದ್ದೀಯ. ಉಪ್ಪು ಜಾಸ್ತಿಯಾಯ್ತು ತಾನೇ?"

ಆಗಿತ್ತು. ಕೆಲವು ತಪ್ಪುಗಳು ಹಾಸನದಿಂದಲೂ ಚೆನ್ನಾಗಿ ಕಾಣುತ್ತವೆ.