ತೊಂಬತ್ತೊಂಬತ್ತು ದಿನದ ಗಾಯ

ನಮ್ಮತ್ತಿಗೆಗೆ ರಕ್ತ ಕಂಡರೆ ತಲೆ ಸುತ್ತುತ್ತದೆ. ಅಂಥವರು ಇಪ್ಪತ್ತಾರು ವರ್ಷದಿಂದ ದೊಡ್ಡಾಸ್ಪತ್ರೆಯಲ್ಲಿ ಮೆರೆಯುತ್ತಿದ್ದಾರೆ. ಅವರ ರಣರಂಗ ಮೂರನೇ ಮಹಡಿಯ ಕೊನೆಯ ಕೋಣೆ. ಅಲ್ಲಿ ಕಾಲು ಅಲ್ಲಾಡುವ ಒಂದು ಮೇಜು, ರೋಗಿಗಳ ಫಾರಂ ತುಂಬಿ ಬಾಗಿಲು ಮುಚ್ಚಲಾಗದ ಎಂಟು ಬೀರು, ಒಂದು ಕಂಪ್ಯೂಟರು. ಕಂಪ್ಯೂಟರಿನೊಳಗೆ ಅವರ ಆಯುಧ: ಅಂಕಿಅಂಶದ ಸಾಫ್ಟ್‌ವೇರು. ಯಾವ ಮಾತ್ರೆ ಕೆಲಸ ಮಾಡಿತು, ಯಾವ ಬೀದಿಯಲ್ಲಿ ಜ್ವರ ಹೆಚ್ಚು ಎಂದು ಡಾಕ್ಟರುಗಳು ಕೇಳಿದರೆ ಅತ್ತಿಗೆ ಅದರ ಬಾಯಿ ಬಿಡಿಸಿ ಉತ್ತರ ಹೇಳಿಸುತ್ತಾರೆ.

ಅವರದೊಂದು ಕಟ್ಟಪ್ಪಣೆಯಿದೆ. ಲೆಕ್ಕಕ್ಕೆ ಕೈಹಾಕುವ ಮೊದಲು ಪ್ರತಿ ಕಾಲಂನ ಅತಿ ಚಿಕ್ಕ ಅಂಕಿಯನ್ನೂ ಅತಿ ದೊಡ್ಡ ಅಂಕಿಯನ್ನೂ ನೋಡಲೇಬೇಕು. ಈ ಉಪಾಯದಿಂದ ಅವರು ನೂರ ನಲವತ್ತು ಕಿಲೋ ತೂಗುವ ಹಸುಗೂಸನ್ನೂ, ಏಳು ತಿಂಗಳ ಬಸುರಿನ ಇಬ್ಬರು ಗಂಡಸರನ್ನೂ ಹಿಡಿದಿದ್ದಾರೆ.

"ಮೊದಲು ಮುಖ ನೋಡ್ಬೇಕು, ಆಮೇಲೆ ಮಾತು" ಎನ್ನುತ್ತಾರೆ.

"ನಮ್ಮಣ್ಣನ್ನ ಒಪ್ಪಿಕೊಳ್ಳುವಾಗ್ಲೂ ಹೀಗೇ ನೋಡಿದ್ರಾ ಅತ್ತಿಗೆ?"

"ಆಗ ಸಾಫ್ಟ್‌ವೇರ್ ಎಲ್ಲಿತ್ತಪ್ಪ, ಮೋಸ ಹೋದೆ."

ಇಂಥ ಅತ್ತಿಗೆ ಮಗಳ ಹೆರಿಗೆಗೆಂದು ಹತ್ತು ದಿನ ರಜೆ ಹಾಕಿದರು. ಮೊಮ್ಮಗಳು ಭೂಮಿಗೆ ಬಂದಳು, ಅತ್ತ ಆಸ್ಪತ್ರೆಯಲ್ಲಿ ಅನಾಹುತವೊಂದು ಹುಟ್ಟಿತು.

ರಜೆ ಮುಗಿಸಿ ಬಂದಾಗ ಕೋಣೆಯ ಸ್ಟೂಲಿನ ಮೇಲೆ ಪಟ್ಟಿ ಸಿಸ್ಟರ್ ಕೂತಿದ್ದರು. ದೊಡ್ಡಾಸ್ಪತ್ರೆಗೇ ಸೇರಿದ ಸಂತೆಬೀದಿಯ ಚಿಕ್ಕ ದವಾಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಗಾಯಗಳಿಗೆ ಪಟ್ಟಿ ಕಟ್ಟುವ ನರ್ಸ್ ಅವರು. ರೌಡಿಗಳನ್ನೂ "ಕೈ ನೀಡೋ, ಅಳ್ಬೇಡ" ಎಂದು ಗದರಿಸುವ ಹೆಂಗಸಿನ ಕಣ್ಣೇ ಅಂದು ಕೆಂಪಾಗಿತ್ತು.

"ಅಕ್ಕಾ, ಶುಕ್ರವಾರ ಮೀಟಿಂಗ್. ನನ್ನ ರೂಮಿಗೆ ಬೀಗ ಹಾಕ್ತಾರಂತೆ."

"ಯಾವ ಪುಣ್ಯಾತ್ಮ ಹೇಳಿದ್ದು?"

"ನಿಮ್ಮ ಕಂಪ್ಯೂಟರೇ ಹೇಳಿತಂತೆ. ದೊಡ್ಡಾಸ್ಪತ್ರೇಲಿ ಗಾಯ ಇಪ್ಪತ್ತೆರಡು ದಿನಕ್ಕೆ ವಾಸಿ, ನನ್ನ ಹತ್ರ ನಲವತ್ತೈದು."

ಅತ್ತಿಗೆ ಬ್ಯಾಗನ್ನೂ ಇಳಿಸದೆ ಕಂಪ್ಯೂಟರಿನ ಮುಂದೆ ಕೂತು ಸಂತೆಬೀದಿಯ ದಿನಗಳ ಕಾಲಂ ತೆರೆದರು. ಅತಿ ಚಿಕ್ಕದು ಆರು. ಅತಿ ದೊಡ್ಡದು ತೊಂಬತ್ತೊಂಬತ್ತು. ಅದೂ ಒಬ್ಬಿಬ್ಬರಲ್ಲ, ನೂರಿಪ್ಪತ್ತು ಜನರಲ್ಲಿ ನಲವತ್ತು ಮಂದಿ ಮಾತಾಡಿಕೊಂಡವರಂತೆ ಸರಿಯಾಗಿ ತೊಂಬತ್ತೊಂಬತ್ತನೇ ದಿನವೇ ಗುಣವಾಗಿದ್ದರು!

ಅತ್ತಿಗೆ ಹಣೆ ಚಚ್ಚಿಕೊಂಡರು. ರೋಗಿ ಮತ್ತೆ ಬರದೆ, ಗಾಯ ಯಾವಾಗ ಮಾಗಿತೆಂದು ಗೊತ್ತಾಗದಿದ್ದರೆ 99 ಎಂದು ಬರೆಯಿರಿ ಎಂಬ ಸೂಚನೆ ಫಾರಂನ ಬುಡದಲ್ಲಿತ್ತು. ಹನ್ನೊಂದು ವರ್ಷದ ಹಿಂದೆ ಅದನ್ನು ಬರೆದವರು ಸಾಕ್ಷಾತ್ ನಮ್ಮತ್ತಿಗೆ. ಲೆಕ್ಕ ಶುರುಮಾಡುವಾಗ ಸಾಫ್ಟ್‌ವೇರಿಗೆ "99 ಅಂದರೆ ಅಂಕಿಯಲ್ಲ, ಖಾಲಿ ಮನೆ" ಎಂದು ತಿಳಿಸುವ ಸಾಲನ್ನು ಅವರೇ ಟೈಪ್ ಮಾಡುತ್ತಿದ್ದರು. ಆ ಸಾಲು ಅವರ ತಲೆಯಲ್ಲಿತ್ತು, ಇನ್ನೆಲ್ಲೂ ಇರಲಿಲ್ಲ. ತಲೆ ರಜೆಯ ಮೇಲಿದ್ದಾಗ ದೊಡ್ಡ ಡಾಕ್ಟರು ತಾವೇ ಗುಂಡಿ ಒತ್ತಿದ್ದರು. ಸಾಫ್ಟ್‌ವೇರು ವಿಧೇಯ ಸೇವಕ. ಕೊಟ್ಟದ್ದನ್ನೆಲ್ಲ ಕೂಡಿ ಭಾಗಿಸಿತ್ತು.

"ಹಂಗಾದ್ರೆ ಆ ನಲವತ್ತನ್ನ ತೆಗೆದುಬಿಡಿ ಅಕ್ಕ" ಎಂದರು ಸಿಸ್ಟರ್. ತೆಗೆದರೆ ಸರಾಸರಿ ಹದಿನೆಂಟಕ್ಕೆ ಇಳಿಯುತ್ತಿತ್ತು.

"ತೆಗೆದ್ರೆ ಡಾಕ್ಟ್ರು ಬಿಡ್ತಾರಾ? ಬಾರದೆ ಹೋದೋರು ಕೊಳೆತು ಬಿದ್ದಿದ್ದಾರೋ ಏನೋ ಅಂತ ಕೇಳ್ತಾರೆ. ಕೇಳ್ಬೇಕು ಕೂಡ. ಫೋನ್ ತೆಗಿ, ಹುಡುಕೋಣ."

ಮೂರು ದಿನ ಮಹಾಯುದ್ಧ ನಡೆಯಿತು. ಸಿಸ್ಟರ್ ನಂಬರ್ ಓದುವುದು, ಅತ್ತಿಗೆ ಬಾಣ ಬಿಡುವುದು.

"ಪಟ್ಟಿ ಬಿಚ್ಚಿಸೋಕೆ ಯಾಕೆ ಬರ್ಲಿಲ್ಲ?"

"ವಾಸಿ ಆಯ್ತಲ್ಲಮ್ಮ, ಇನ್ಯಾಕೆ ಬರ್ಲಿ? ನಾನೇ ಬಿಚ್ಚಿ ಬಿಸಾಕಿದೆ."

ಬಡಗಿಯೊಬ್ಬ ವಾಸಿಯಾಗಿ ಅದೇ ಬೆರಳನ್ನು ಮತ್ತೊಮ್ಮೆ ಕೊಯ್ದುಕೊಂಡೂ ಆಗಿತ್ತು. "ಇದನ್ನ ಹೊಸ ಲೆಕ್ಕಕ್ಕೆ ಬರ್ಕೊಳ್ಳಿ" ಎಂದ.

ಮೂವತ್ನಾಲ್ಕು ಜನ ಸಿಕ್ಕರು. ಮೂವತ್ತೊಂದು ಮಂದಿ ಸರಾಸರಿ ಎರಡು ವಾರದಲ್ಲಿ ಗುಣವಾಗಿದ್ದವರು. ಇಬ್ಬರು ಬೇರೆ ಕಡೆ ಹೋಗಿದ್ದರು. ಒಬ್ಬ ಮುದುಕನ ಕಾಲು ಇನ್ನೂ ಮಾಗಿರಲಿಲ್ಲ. ಸಿಸ್ಟರ್ ಆ ಕ್ಷಣವೇ ಆಟೋ ಹತ್ತಿ ಹೋಗಿ ಅವನನ್ನು ಬೈಯುತ್ತ ಕರೆತಂದರು. ಆರು ಜನರ ಸುಳಿವೇ ಇಲ್ಲ.

ಶುಕ್ರವಾರ ದೊಡ್ಡ ಡಾಕ್ಟರು ಬಣ್ಣದ ಕಂಬಗಳ ಚಿತ್ರ ತೋರಿಸಿ, "ಈ ಫಲಿತಾಂಶ ಆಕಸ್ಮಿಕ ಆಗಿರೋ ಸಾಧ್ಯತೆ ಸಾವಿರಕ್ಕೆ ಒಂದೂ ಇಲ್ಲ" ಎಂದು ಗುಡುಗಿದರು.

ಅತ್ತಿಗೆ ಎದ್ದುನಿಂತರು. "ನಿಜ ಸಾರ್, ಆಕಸ್ಮಿಕ ಅಲ್ಲ. ನನ್ನ ತಪ್ಪು." ಫಾರಂನ ಬುಡದ ಸಾಲು ಓದಿದರು. "ಇಲ್ಲಿ ದೊಡ್ಡಾಸ್ಪತ್ರೇಲಿ ಫೈಲಿಗೆ ಸಹಿ ಬೇಕು ಅಂತ ವಾಸಿಯಾದೋರೂ ಬರ್ತಾರೆ, 99 ಒಂದೂ ಇಲ್ಲ. ಸಂತೆಬೀದೀಲಿ ವಾಸಿಯಾದ್ರೆ ಯಾರೂ ಬರಲ್ಲ. ಬೇಗ ಗುಣ ಮಾಡಿದ್ದಕ್ಕೇ ಅವರಿಗೆ ಶಿಕ್ಷೆ ಆಗ್ತಿದೆ. ಫೋನಲ್ಲಿ ಹೇಳಿದ ದಿನಗಳು ಅಂದಾಜು, ಅದನ್ನೂ ಬರ್ದಿದ್ದೀನಿ. ಒಂಬತ್ತು ಜನರ ಲೆಕ್ಕ ಇನ್ನೂ ಖಾಲಿ. ಉಳಿದೋರದ್ದು ಹತ್ತಿರಹತ್ತಿರ ಹದಿನೇಳು ದಿನ."

ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅತ್ತಿಗೆ ಕೊಟ್ಟ ಲೆಕ್ಕದ ಹಾಳೆಯನ್ನು ಎರಡು ಸಲ ಓದಿದರು.

"ಮೇಡಂ, ಗುಂಡಿ ಒತ್ತೋಕೆ ಮುಂಚೆ ನಾನೇನು ನೋಡ್ಬೇಕಿತ್ತು?"

"ಮುಖ ಸಾರ್."

ಬೀಗದ ಮಾತು ಅಲ್ಲಿಗೆ ಬಿದ್ದುಹೋಯಿತು. ಹೊಸ ಫಾರಂನಲ್ಲಿ 99 ಇಲ್ಲ. 'ಬರಲಿಲ್ಲ' ಎಂದು ಬರೆದ ಚೌಕ, ಪಕ್ಕದಲ್ಲಿ 'ಯಾಕೆ' ಎಂಬ ಗೆರೆ ಇದೆ. ಹಳೆಯ ಫಾರಂಗಳಿಗೆ ಬೇಕಾದ ಆ 'ಖಾಲಿ ಮನೆ'ಯ ಸಾಲೂ ಈಗ ಅತ್ತಿಗೆಯ ತಲೆಯಿಂದಿಳಿದು ಗೋಡೆಗೆ ಅಂಟಿಕೊಂಡಿದೆ.

ಸಿಸ್ಟರ್ ಮಾತ್ರ ಮುಂದಿನ ಪೀಳಿಗೆಗಳಿಗೂ ರಕ್ಷಣೆ ಬೇಕೆಂದು ತಮ್ಮ ಬಾಗಿಲಿಗೆ ದೊಡ್ಡಕ್ಷರದ ಬೋರ್ಡು ತೂಗುಹಾಕಿದರು: ವಾಸಿಯಾದವರು ಹೇಳಿ ಹೋಗತಕ್ಕದ್ದು.

ಕಳೆದ ವಾರ ಅತ್ತಿಗೆ ಹೋಗಿ ನೋಡಿದರೆ ಬಾಗಿಲಿಂದ ಬೀದಿಯವರೆಗೆ ಸಾಲು. ಮುಂದೆ ನಿಂತವನು ಗುಂಡುಕಲ್ಲಿನ ಹಾಗಿದ್ದ.

"ನಿಮಗೇನಾಗಿದೆಯಪ್ಪ?"

"ಏನೂ ಆಗಿಲ್ಲಮ್ಮ. ಅದನ್ನೇ ಹೇಳೋಣ ಅಂತ ಒಂದು ಗಂಟೆಯಿಂದ ಕಾಯ್ತಾ ಇದ್ದೀನಿ."